ಅಕ್ಕನನ್ನು ಕೇಳಿ

ಹದಿನೈದು ವರ್ಷದ ಹಿಂದೆ, ಚರ್ಮದ ಚೂರುಗಳ ರಾಶಿಗೆ ಒರಗಿ ನೆಲದ ಮೇಲೆ ಕೂತು, ಗಡ್ಡದವನು ಅಕ್ಕನಿಗೆ ಒಂದು ಮಾತು ಕೊಟ್ಟಿದ್ದ.

"ಅಕ್ಕಾ, ಇದರೊಳಗೆ ಒಂದು ಸಲ ಇಟ್ಟ ಕಾಲು, ನಾವೆಲ್ಲ ಮಣ್ಣಾದ ಮೇಲೂ ಇಟ್ಟ ಹಾಗೇ ತೆರೆದುಕೊಳ್ಳುತ್ತೆ. ಎಡ ಎಡವೇ, ಬಲ ಬಲವೇ. ಯಾವತ್ತಾದ್ರೂ ತಪ್ಪಿತು ಅನ್ನಿ, ನಾನೇ ಇಲ್ಲಿಗೆ ಬಂದು, ಇದೇ ಜಾಗದಲ್ಲಿ ಕೂತು, ನನ್ನ ಕೈಯಾರೆ ಸರಿಮಾಡಿಕೊಟ್ಟು ಏಳ್ತೀನಿ."

ಆಗ ಅವನಿಗೆ ಗಡ್ಡ ಅಲ್ಲಲ್ಲಿ ಚಿಗುರಿತ್ತು ಅಷ್ಟೆ. ಮಾತು ಮಾತ್ರ ದಟ್ಟವಾಗಿ ಬೆಳೆದಿತ್ತು.

ಅಕ್ಕನ ಅಂಗಡಿಯೆಂದರೆ ಬೀದಿಗೆ ಒಂದು ಬಾಗಿಲು, ಹಿಂದಕ್ಕೆ ಒಂದು ಕಿಟಕಿ ಇರುವ ಉದ್ದನೆಯ ಕೋಣೆ. 'ನಿಮ್ಮ ಅಳತೆ ನಮ್ಮಲ್ಲಿಲ್ಲ' ಎಂದು ಬೇರೆ ಅಂಗಡಿಯವರು ಕೈಮುಗಿದು ಸಾಗಹಾಕಿದ ಕಾಲುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಒಂದು ಉದ್ದ ಒಂದು ಗಿಡ್ಡ ಆದವು, ಒಳಕ್ಕೆ ತಿರುಚಿಕೊಂಡವು, ಆಸ್ಪತ್ರೆಯಲ್ಲಿ ಎರಡು ಬೆರಳು ಬಿಟ್ಟುಬಂದವು. ಅಪ್ಪನ ಕಾಲದಿಂದಲೂ ಕೆಲಸ ಒಂದೇ: ಕಾಲಿಗೆ ತಕ್ಕ ಮರದ ಅಚ್ಚು ಮಾಡುವುದು, ಅದರ ಮೇಲೆ ಚರ್ಮ ಎಳೆದು ಬೂಟು ಹೊಲಿಯುವುದು, ಗಿಡ್ಡ ಕಾಲಿನ ಅಟ್ಟೆಯನ್ನು ಬೇಕಾದಷ್ಟು ಎತ್ತರಿಸುವುದು. ಹೊಲಿಯುವವನು ಚಿಕ್ಕಪ್ಪ. ಅವನು ಯಾರ ಚಿಕ್ಕಪ್ಪನೂ ಅಲ್ಲ. ಅಕ್ಕನ ಅಪ್ಪನ ಕಾಲದಲ್ಲಿ ಕೆಲಸಕ್ಕೆ ಸೇರಿದವನು, ಅಪ್ಪ ಹೋದ ಮೇಲೂ ದಬ್ಬಣ ಕೆಳಗಿಟ್ಟವನಲ್ಲ.

ಕನ್ನಡಕದವನು ಅಲ್ಲಿಗೆ ಬಂದದ್ದು ಗಿರಾಕಿಯಾಗಿ. ಅವನ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡ. ಜೊತೆಯಲ್ಲಿ ಗೆಳೆಯ ಗಡ್ಡದವನು. ಇಬ್ಬರೂ ಕಂಪ್ಯೂಟರ್ ಓದು ಮುಗಿಸಿ ಕೈಯಲ್ಲಿ ಕೆಲಸವಿಲ್ಲದೆ, ತಲೆಯಲ್ಲಿ ಲೋಕೋದ್ಧಾರ ತುಂಬಿಕೊಂಡಿದ್ದವರು. ಅಕ್ಕ ಒಂದು ಅಚ್ಚನ್ನು ಅರ ಹಿಡಿದು ನಾಲ್ಕು ದಿನ ಉಜ್ಜುವುದನ್ನು ನೋಡಿ ಅವರಿಗೆ ಮರುಕ ಬಂತು. ಆ ಮರುಕದಿಂದ ಎರಡು ವರ್ಷ ಅವಳ ಅಂಗಡಿಯಲ್ಲೇ ಬಿಡಾರ ಹೂಡಿದರು. ಅವಳ ಚಹಾ ಕುಡಿದರು, ಅವಳ ಬೆಂಚಿನ ಮೇಲೆ ನಿದ್ದೆ ಮಾಡಿದರು. ಕಾಲು ಎಂದರೇನು, ಮೈಭಾರ ಎಲ್ಲಿ ಬೀಳುತ್ತದೆ, ಹಿಮ್ಮಡಿ ಯಾಕೆ ಸುಳ್ಳು ಹೇಳುತ್ತದೆ ಎಂದು ಅವಳಿಂದ ಕಲಿತರು. ಕೊನೆಗೆ ಒಂದು ಪ್ರೋಗ್ರಾಮು ಬರೆದರು. ಗಾಜಿನ ಮೇಲೆ ಕಾಲಿಟ್ಟರೆ ಸಾಕು, ಅದು ಕೆಳಗಿನಿಂದ ಚಿತ್ರ ಹಿಡಿದು, ಲೆಕ್ಕ ಕಟ್ಟಿ, ಅಚ್ಚು ಕೊರೆಯುವ ಯಂತ್ರಕ್ಕೆ ಹೇಳಿಕೊಡುತ್ತಿತ್ತು. ಅದಕ್ಕೆ 'ಹೆಜ್ಜೆ' ಎಂದು ಹೆಸರಿಟ್ಟರು. ಎಲ್ಲರಿಗೂ ಪುಕ್ಕಟೆ. ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು, ಹಂಚಬಹುದು.

ಒಂದು ದಿನ ಚಿಕ್ಕಪ್ಪ ಪರದೆಯನ್ನು ನೋಡಿ ನಗಲು ಶುರುಮಾಡಿದ.

"ಲೋ ಪಂಡಿತರಾ, ಪಾದನ ಕೆಳಗಿಂದ ನೋಡಿದ್ರೆ ಎಡದ್ದು ಬಲದ ಥರ ಕಾಣುತ್ತೆ ಕಣ್ರೋ. ಕಾಲಲ್ಲಿರೋ ಚಪ್ಪಲಿ ಕಳಚಿ ಮಗುಚಿ ನೋಡಿ. ನಿಮ್ಮ ಪ್ರೋಗ್ರಾಮು ಎಲ್ಲರ ಎಡಗಾಲನ್ನೂ ಬಲಗಾಲು ಅಂತ ಬರಕೊಳ್ತಾ ಇದೆ!"

ಇಬ್ಬರೂ ಚಪ್ಪಲಿ ಮಗುಚಿ ನೋಡಿ, ಮುಂದೆ ಬರುವ ಕಾಲುಗಳಿಗೆ ಪ್ರೋಗ್ರಾಮನ್ನು ತಿದ್ದಿದರು. ಅಷ್ಟರಲ್ಲಿ ಅರವತ್ತೊಂದು ಜನರ ಕಾಲು ಒಳಗೆ ಸೇರಿಯಾಗಿತ್ತು. ಕೆಲವನ್ನು ಅಕ್ಕ ಏನೋ ಎಡವಟ್ಟಾಗಿದೆ ಎಂದು ಅದಾಗಲೇ ಕೈಯಿಂದ ತಿದ್ದಿದ್ದಳು, ಇನ್ನೂ ಬೂಟು ಹೊಲಿಯದ ಕೆಲವನ್ನು ತಿದ್ದಿರಲಿಲ್ಲ. ಯಾವುದು ಸರಿ, ಯಾವುದು ತಿರುಗಮುರುಗ ಎಂದು ಗಡ್ಡದವನು ನಾಲ್ಕು ದಿನ ಒಬ್ಬೊಬ್ಬರನ್ನೂ ಕರೆಸಿ ಪರೀಕ್ಷಿಸಿ ಪಟ್ಟಿ ಮಾಡಿದ. ಆ ಪಟ್ಟಿಯಲ್ಲಿರುವ ಕಾಲುಗಳನ್ನು ತೆರೆಯುವಾಗ ಎಡಬಲ ಬದಲಿಸು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದ. ಪ್ರೋಗ್ರಾಮು ಬರೆಯುವವರು ಯಂತ್ರ ಓದದ, ಮನುಷ್ಯರು ಮಾತ್ರ ಓದುವ ಟಿಪ್ಪಣಿಯನ್ನೂ ನಡುನಡುವೆ ಬರೆಯುತ್ತಾರೆ. ಆ ಸಾಲಿನ ನೆತ್ತಿಯ ಮೇಲೆ ಅವನು ಬರೆದ ಟಿಪ್ಪಣಿ ಇದು: 'ಇದನ್ನು ಮುಟ್ಟಬೇಡಿ. ಯಾಕೆ ಅಂತ ಅಂಗಡಿ ಅಕ್ಕನನ್ನು ಕೇಳಿ.'

ಮೇಲೆ ಹೇಳಿದ ಮಾತು ಅವನು ಕೊಟ್ಟದ್ದು ಆ ಹೊತ್ತಿನಲ್ಲಿ.

ಆಮೇಲೆ 'ಹೆಜ್ಜೆ' ಬೆಳೆಯಿತು. ಎಲ್ಲೆಲ್ಲಿಯದೋ ಬೂಟಿನ ಅಂಗಡಿಗಳು, ಆಸ್ಪತ್ರೆಗಳು ಅದನ್ನು ಇಳಿಸಿಕೊಂಡವು. ಯಾರು ಯಾರೋ ಬಂದು ಸೇರಿ ಬರೆಯತೊಡಗಿದರು. ಗಡ್ಡದವನಿಗೆ ಗಡ್ಡ ಎದೆಯವರೆಗೆ ಬಂತು, ನಾಲ್ಕು ಬೀದಿ ಆಚೆ ಒಂದು ಕಚೇರಿಯೂ ಬಂತು. ಸಭೆಗಳಲ್ಲಿ ಅವನ ಪರಿಚಯ ಮಾಡಿಕೊಡಲಿಕ್ಕೇ ಐದು ನಿಮಿಷ ಬೇಕಾಗುತ್ತಿತ್ತು.

ಜಗಳ ಹುಟ್ಟಿದ್ದು ಒಂದು ಶಬ್ದದಿಂದ. ಮಾರುಕಟ್ಟೆಗೆ ಹೊಸ ಬಗೆಯ ಕೊರೆಯುವ ಯಂತ್ರಗಳು ಬಂದಿದ್ದವು. ಅವುಗಳ ಜೊತೆ ಮಾತಾಡುವ ಭಾಗವನ್ನು ಕನ್ನಡಕದವನು ಮೂರು ತಿಂಗಳು ಕೂತು ಬರೆದು ಕಳಿಸಿದ. ಗಡ್ಡದವನು ಅದರ ಕೆಳಗೆ 'ಬೇಡ' ಎಂದು ಬರೆದು ಬಾಗಿಲು ಮುಚ್ಚಿದ. ಯಾಕೆ ಬೇಡ? ಅದನ್ನು ಬರೆಯಲಿಲ್ಲ. ದೊಡ್ಡವರು ಕಾರಣ ಕೊಡುವುದಿಲ್ಲ, ತೀರ್ಪು ಕೊಡುತ್ತಾರೆ.

ಆ 'ಬೇಡ'ದ ಕೆಳಗೆ ನಾನೂರು ಚಿಲ್ಲರೆ ಪತ್ರಗಳು ಬಂದವು. ಸೌಜನ್ಯದ ಬಗ್ಗೆ ಒಬ್ಬ ಬರೆದ, ಸರ್ವಾಧಿಕಾರದ ಬಗ್ಗೆ ಇನ್ನೊಬ್ಬ. ಒಂದು ಬೂಟಿನ ದಾರ ಕಟ್ಟಲು ಬಾರದವನೊಬ್ಬ ಪಾದರಕ್ಷೆಯ ಇತಿಹಾಸದ ಮೇಲೆ ಹನ್ನೆರಡು ಪ್ಯಾರಾ ಬರೆದ. ಬಳಸುವವರೂ ಹಿಂದೆ ಬೀಳಲಿಲ್ಲ. ನಿನ್ನೆಯವರೆಗೆ 'ಮುದ್ರಿಸು' ಗುಂಡಿ ಎಲ್ಲಿದೆ ಎಂದು ಕೇಳುತ್ತಿದ್ದವರು ಇವತ್ತು ತತ್ವಗಳ ಪಕ್ಕ ನಿಂತರು. ಎರಡೂ ಕಡೆಯವರು ತಾವು ಬಹಳ ನೊಂದಿರುವುದಾಗಿ ಘೋಷಿಸಿದರು. ಯಂತ್ರ ಕೊಂಡು ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟವರ ನೋವನ್ನು ಯಾರೂ ಕೇಳಲಿಲ್ಲ.

ಕೊನೆಗೆ ಕನ್ನಡಕದವನು ಇಡೀ ಪ್ರೋಗ್ರಾಮನ್ನು ನಕಲು ಮಾಡಿಕೊಂಡು, ಅರ್ಧ ಜನರನ್ನು ಕರಕೊಂಡು ಹೊರಟ. ಹಾಗೆ ಮಾಡಲು ಕಾನೂನಿನ ತಡೆಯಿಲ್ಲ, ಬೇಕಾದವರು ಬೇಕಾದಾಗ ಕವಲೊಡೆಯಬಹುದು. ಫೋರ್ಕ್ ಅನ್ನುತ್ತಾರೆ ಅವರು, ಬಲು ಹೆಮ್ಮೆಯಿಂದ.

"ಒಲೆ ಬೇರೆ ಮಾಡ್ಕೊಂಡ್ರು ಅನ್ನು," ಎಂದ ಚಿಕ್ಕಪ್ಪ. "ಅದಕ್ಕೆ ಇಷ್ಟು ಪುರಾಣ ಯಾಕೆ?"

ಹೊಸ ಗುಂಪು ತನ್ನ ಪ್ರೋಗ್ರಾಮಿಗೆ ಹೆಸರು ಹುಡುಕಲು ನಲವತ್ತು ದಿನ ತೆಗೆದುಕೊಂಡಿತು. ಮೂರು ಸುತ್ತು ಮತದಾನ. ಎಪ್ಪತ್ತು ಹೆಸರುಗಳನ್ನು ಸೋಸಿ ಸೋಸಿ ಕೊನೆಗೆ ಉಳಿದ ಹೆಸರು 'ಹೊಸಹೆಜ್ಜೆ'. ಅಳಿಯ ಅಲ್ಲ, ಮಗಳ ಗಂಡ.

ಇಬ್ಬರಿಂದಲೂ ಅಕ್ಕನಿಗೆ ಪತ್ರ ಬಂತು. 'ಅಕ್ಕಾ, ನೀವು ಮೊಟ್ಟಮೊದಲ ಬಳಕೆದಾರರು. ನಮ್ಮ ಪರವಾಗಿ ನಿಮ್ಮದೊಂದು ಮಾತು ಇದ್ದರೆ ತೂಕ ಬರುತ್ತೆ' ಎಂದು ಇಬ್ಬರೂ ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ ಬರೆದಿದ್ದರು. ಒಂದೇ ಬೆಂಚಿನ ಮೇಲೆ ಮಲಗಿ ಎದ್ದವರಲ್ಲವೇ. ಅಕ್ಕ ಇಬ್ಬರಿಗೂ ಒಂದೇ ಉತ್ತರ ಕಳಿಸಿದಳು: 'ಕೆಲಸ ನೋಡ್ಕೊಳ್ರೋ.'

ಎರಡು ವರ್ಷ ಅವಳು ಹಳೆಯ ಹೆಜ್ಜೆಯಲ್ಲೇ ನಡೆದಳು. ಆಮೇಲೆ ಹಳೆಯ ಯಂತ್ರ ಒಂದು ಮಧ್ಯಾಹ್ನ ಹಲ್ಲು ಕಡಿದು ನಿಂತುಬಿಟ್ಟಿತು. ಹೊಸದು ತರಿಸಿದಳು. ಹೊಸ ಯಂತ್ರದ ಭಾಷೆ ಹೆಜ್ಜೆಗೆ ಬರುತ್ತಿರಲಿಲ್ಲ, ಹೊಸಹೆಜ್ಜೆಗೆ ಮಾತ್ರ ಬರುತ್ತಿತ್ತು. ಅದನ್ನು ಹಾಕಿಕೊಂಡಳು. ಹಾಕುವಾಗ ಅದು ಹೆಜ್ಜೆಯನ್ನು ಕಂಪ್ಯೂಟರಿನಿಂದ ಕಿತ್ತು ಹೊರಗೆಸೆಯಿತು. ಎರಡೂ ಒಂದೇ ಹೆಸರಿನ ಫೈಲುಗಳನ್ನು ಒಂದೇ ಜಾಗದಲ್ಲಿ ಇಡುತ್ತಿದ್ದವು, ಒಂದರ ಜೊತೆ ಇನ್ನೊಂದು ಬಾಳುತ್ತಿರಲಿಲ್ಲ. ಬರೆದವರ ಗುಣ.

ಹೊಸ ಶಾಲಾ ವರ್ಷ ಶುರುವಾಗುವ ಹೊತ್ತು. ಫೋನಿನಲ್ಲಿ ಹಳೆಯ ಗಿರಾಕಿಗಳ ಬೇಡಿಕೆ ಬರುತ್ತಿತ್ತು. ಬೇರೆ ಊರಿನಲ್ಲಿರುವ ಶಾಲೆಯ ಮೇಡಂ ಒಂದು ಜೋಡಿ ಹೇಳಿದ್ದಳು. ಕನ್ನಡಕದವನೂ ಎಂದಿನಂತೆ ತನ್ನ ಜೋಡಿ ಹೇಳಿದ್ದ, ಜಗಳ ಬೇರೆ ಕಾಲು ಬೇರೆ. ಒಟ್ಟು ಹನ್ನೆರಡು. ಹೊಸ ಯಂತ್ರ ಬೆಣ್ಣೆ ಕೊಯ್ದ ಹಾಗೆ ಅಚ್ಚು ಕೊರೆದು, ಪ್ರತಿಯೊಂದಕ್ಕೂ ಒಂದು ಚೀಟಿ ಉಗುಳಿತು. ಚೀಟಿಯಲ್ಲಿ ಹಿಂದೆ ಗಿರಾಕಿಯ ಹೆಸರಿರುತ್ತಿತ್ತು. ಈಗ ಬರೀ ನಂಬರು. ಹೆಸರು ಅಚ್ಚಾದರೆ ಬಳಕೆದಾರರ ಖಾಸಗಿತನಕ್ಕೆ ಧಕ್ಕೆ ಎಂದು ಹೊಸ ಗುಂಪು ಮತ ಹಾಕಿ ತೆಗೆದಿತ್ತು. ಚಿಕ್ಕಪ್ಪ ನಂಬರು ನೋಡಿ ಅಟ್ಟೆ ಅಂಟಿಸಿದ. ಹೆಸರಿದ್ದಿದ್ದರೆ ಅವನ ಕೈ ಅಲ್ಲೇ ನಿಲ್ಲುತ್ತಿತ್ತು. ಅಕ್ಕನೂ ತಡವಾಯಿತೆಂದು ಹಳೆಯ ಅಳತೆಗೆ ಹಿಡಿದು ನೋಡಲಿಲ್ಲ. ಮೇಡಂ ಜೋಡಿ ಮೊದಲು ಪಾರ್ಸೆಲ್ ಆಯಿತು.

ಆರನೆಯ ದಿನ ಮೇಡಂ ಫೋನು ಮಾಡಿದಳು.

"ಅಕ್ಕಾ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಅಂತ ಮಕ್ಕಳಿಗೆ ಗಾದೆ ಹೇಳ್ಕೊಡೋಳು ನಾನು. ಈಗ ನನಗೇ ನೆಲ ಡೊಂಕಾಗಿದೆ ನೋಡಿ. ನಿಮ್ಮ ಹೊಸ ಬೂಟು ಹಾಕ್ಕೊಂಡು ಮೂರು ದಿನ ಪಾಠ ಮಾಡಿದೆ, ಸೊಂಟ ಹಿಡ್ಕೊಂಡುಬಿಡ್ತು. ನಿನ್ನೆ ಮೆಟ್ಟಿಲಲ್ಲಿ ಬಿದ್ದೆ."

"ಬಿದ್ದಾ? ಪೆಟ್ಟಾಯ್ತಾ?"

"ಮಂಡಿ ತರಚಿದೆ, ಅಷ್ಟೆ. ಬೈಬೇಡಿ."

"ನಾನ್ಯಾಕಮ್ಮಾ ಬೈಲಿ. ಒಂದು ಕೆಲಸ ಮಾಡು. ಹಳೇ ಜೋಡಿ, ಹೊಸ ಜೋಡಿ ಎರಡನ್ನೂ ಮೇಜಿನ ಮೇಲಿಡು. ಹಳೇದರಲ್ಲಿ ಯಾವ ಅಟ್ಟೆ ದಪ್ಪ?"

"ಎಡಗಡೇದು."

"ಹೊಸದರಲ್ಲಿ?"

ಆ ಕಡೆ ಮೇಜಿನ ಮೇಲೆ ಬೂಟು ಮಗುಚುವ ಸದ್ದು. "ಬಲಗಡೇದು, ಅಕ್ಕಾ."

ಅಕ್ಕ ಫೋನಿಟ್ಟು ಶೆಲ್ಫಿನ ಹತ್ತಿರ ಹೋದಳು. ಹನ್ನೊಂದು ಜೋಡಿ ಸಾಲಾಗಿ ಕೂತಿದ್ದವು, ಹೊಳೆಯುತ್ತಾ, ಏನೂ ಅರಿಯದವರ ಹಾಗೆ. ಚೀಟಿಯ ನಂಬರುಗಳನ್ನು ಬೇಡಿಕೆಯ ಪಟ್ಟಿಗೆ ಹೊಂದಿಸಿ ಕನ್ನಡಕದವನ ಜೋಡಿಯನ್ನು ಹುಡುಕಿ ತೆಗೆದಳು. ಅವನ ಕಾಲು ಅವಳಿಗೆ ಬಾಯಿಪಾಠ. ಬಲಗಾಲಿಗೆ ಇರಬೇಕಾದ ಎರಡು ಬೆರಳು ಎತ್ತರ ಎಡಗಾಲಿಗೆ ಏರಿ ಕೂತಿತ್ತು.

"ಏನಮ್ಮಾ, ಆ ಹುಡುಗನ ಕಾಲು ಪಕ್ಷಾಂತರ ಮಾಡ್ತಾ?" ಎಂದ ಚಿಕ್ಕಪ್ಪ. ಆಮೇಲೆ ಅವಳ ಮುಖ ನೋಡಿ, ಉಳಿದ ಜೋಡಿಗಳನ್ನು ತಾನೇ ಕೆಳಗಿಳಿಸತೊಡಗಿದ.

ಮೂವತ್ತು ವರ್ಷದಲ್ಲಿ ಅವಳ ಕೈಯಿಂದ ತಪ್ಪು ಬೂಟು ಹೊರಗೆ ಹೋದದ್ದು ಅದೇ ಮೊದಲು. ಅಪ್ಪ ಬಿಟ್ಟುಹೋದದ್ದು ಈ ಕೋಣೆ ಮತ್ತು 'ಅಲ್ಲಿ ಹೊಲಿಸಿದರೆ ಸರಿಯಾಗಿರುತ್ತೆ' ಅನ್ನುವ ಮಾತು. ಕೋಣೆಗೆ ಬಾಡಿಗೆ ಕಟ್ಟಬೇಕಿತ್ತು, ಆದ್ದರಿಂದ ಸ್ವಂತದ್ದು ಎಂದು ಇದ್ದದ್ದು ಆ ಮಾತೊಂದೇ. ಉಳಿದ ಹನ್ನೊಂದರಲ್ಲಿ ಯಾವುದು ಸರಿ ಯಾವುದು ತಪ್ಪು? ಎತ್ತರದ ವ್ಯತ್ಯಾಸ ಇದ್ದವರನ್ನು ಫೋನಿನಲ್ಲಿ ಕೇಳಬಹುದು. ಹೆಚ್ಚಿನವರಿಗೆ ಇದ್ದದ್ದು ಒಳಗಿನ ಎರಡು ಮೂರು ಮಿಲಿಮೀಟರಿನ ಓರೆ. ಅದು ಧರಿಸಿದವರಿಗೂ ತಿಳಿಯದು, ಆರು ತಿಂಗಳ ಮೇಲೆ ಬೆನ್ನಿಗೆ ತಿಳಿಯುತ್ತದೆ. ಸರಿಯೆಂದು ಗೊತ್ತಾಗುವವರೆಗೆ ಒಂದು ಜೋಡಿಯೂ ಈ ಬಾಗಿಲು ದಾಟುವುದಿಲ್ಲ ಎಂದಳು. ಹನ್ನೊಂದು ಜನ ಸವೆದ ಬೂಟಿನಲ್ಲಿ ಕಾಯತೊಡಗಿದರು.

ಹೊಸಹೆಜ್ಜೆಯವರಿಗೆ ಬರೆದಳು. ಮೊದಲು ಬಂದದ್ದು ಒಂದು ಅರ್ಜಿ ನಮೂನೆ, ಹದಿನಾಲ್ಕು ಪ್ರಶ್ನೆಗಳದ್ದು. ತುಂಬಿದಳು. ಆಮೇಲೆ ಪೊರಕೆ ಎಂಬವನ ಉತ್ತರ ಬಂತು. ಗುಂಪಿನಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಪ್ರೋಗ್ರಾಮಿನೊಳಗಿನ ಹಳೆಯ ಕಸ ಗುಡಿಸುವುದು ಅವನ ಕೆಲಸ, ಗುಡಿಸಿದ ಸಾಲುಗಳ ಲೆಕ್ಕ ಇಟ್ಟು ತಿಂಗಳಿಗೊಮ್ಮೆ ಪ್ರಕಟಿಸುವುದು ಅವನ ಹಬ್ಬ.

'ಆ ಸಾಲನ್ನು ನಾನೇ ತೆಗೆದೆ,' ಎಂದು ಬರೆದಿದ್ದ. 'ಯಾವ ವಿವರಣೆಯೂ ಇಲ್ಲದ ಸಾಲು. ಅಂಗಡಿ ಅಕ್ಕನನ್ನು ಕೇಳಿ ಅಂತ ಏನೋ ಇತ್ತು. ತಮಾಷೆಗೆ ಬರೆದದ್ದು ಅಂದುಕೊಂಡೆವು.'

'ತಮಾಷೆ ಅಲ್ಲ. ನಾನೇ ಅಕ್ಕ. ಕೇಳಿದ್ರೆ ಹೇಳ್ತಿದ್ದೆ,' ಎಂದು ಅಕ್ಕ ಬರೆದಳು.

'ನಿಯಮದ ಪ್ರಕಾರ ನೋಡಿದರೆ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ನಿಮ್ಮ ಫೈಲುಗಳೇ ತಪ್ಪು,' ಎಂದು ಪೊರಕೆ ಉತ್ತರಿಸಿದ. ಅದರ ಕೆಳಗೆ ಅರವತ್ತು ಜನ ಸೇರಿಕೊಂಡರು. ಟಿಪ್ಪಣಿಯಲ್ಲಿ ವ್ಯಕ್ತಿಗಳನ್ನು ಹೆಸರಿಸಬಹುದೇ? 'ಅಕ್ಕ' ಎಂಬುದು ಹೆಸರೇ? ಸಂಬಂಧಸೂಚಕವನ್ನು ಎಲ್ಲರಿಗೂ ಅನ್ವಯಿಸುವುದು ಸರಿಯೇ? ಮೂರು ದಿನ ಹೀಗೇ ನಡೆಯಿತು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲವಂತೆ. ಇಲ್ಲಿ ಹಾವು ಯಾವ ಜಾತಿಯದು ಎಂಬ ಚರ್ಚೆ ಮುಗಿಯಲು ಹಾವೇ ಕಾದು ಕೂತಿತ್ತು.

ಗಡ್ಡದವನಿಗೆ ಬರೆದಾಗ ಹತ್ತು ನಿಮಿಷದಲ್ಲಿ ಫೋನೇ ಬಂತು. ದನಿಯಲ್ಲಿ ಹಬ್ಬದ ಕಳೆ.

"ನೋಡಿದ್ರಾ ಅಕ್ಕಾ? ನಾನು ಹೇಳ್ತಾನೇ ಇದ್ದೆ, ಅವರಿಗೆ ಕಾಳಜಿ ಇಲ್ಲ ಅಂತ. ನಮ್ಮ ಹೆಜ್ಜೆಯಲ್ಲಿ ನಿಮ್ಮ ಸಾಲು ಇವತ್ತಿಗೂ ಹಾಗೇ ಇದೆ. ವಾಪಸ್ ಬಂದುಬಿಡಿ."

"ಬರ್ತೀನಪ್ಪ. ನನ್ನ ಹೊಸ ಯಂತ್ರದ ಜೊತೆ ಅದು ಮಾತಾಡುತ್ತಾ?"

"ಅದೊಂದು... ಆ ಭಾಗ ಅವರ ಕೈಯಿಂದ ಬಂದದ್ದಲ್ವಾ. ಅದನ್ನ ಸೇರಿಸೋಕಾಗಲ್ಲ. ತತ್ವದ ಪ್ರಶ್ನೆ."

"ನಿನ್ನ ತತ್ವ ಎಷ್ಟನೇ ಸೈಜು ಕಣಪ್ಪಾ? ಮೇಡಂಗೆ ಹಾಕಿ ನೋಡ್ತೀನಿ."

ಅವನು ನಕ್ಕ. ಒಳ್ಳೆಯ ಮಾತು, ಎಲ್ಲಾದರೂ ಬಳಸಿಕೊಳ್ಳುತ್ತೇನೆ ಎಂದ. ಭಾನುವಾರ ಎರಡೂ ಗುಂಪಿನವರ ಸಮನ್ವಯ ಸಭೆ ಇದೆ, ಪರದೆಯ ಮೇಲೆ ಬನ್ನಿ, ನಿಮಗೆ ಮೂರು ನಿಮಿಷ ಕೊಡಿಸುತ್ತೇನೆ ಎಂದ.

ಭಾನುವಾರ ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿನಲ್ಲಿ ನಲವತ್ತಮೂರು ಮುಖಗಳು ಕಾಣಿಸಿಕೊಂಡವು. ಚಿಕ್ಕಪ್ಪ ಅಕ್ಕನ ಹಿಂದೆ ಸ್ಟೂಲು ಎಳೆದುಕೊಂಡು ಕೂತ. ಮೊದಲ ಅರ್ಧ ಗಂಟೆ ಸಭೆಯನ್ನು ಧ್ವನಿಮುದ್ರಣ ಮಾಡಬೇಕೇ ಬೇಡವೇ ಎಂಬುದರಲ್ಲಿ ಕಳೆಯಿತು. ಮಾಡಬೇಕೆಂದವರು ಮಾಡುವ ರೀತಿಯ ಬಗ್ಗೆ ಒಡೆದರು.

"ಇವರಿಗೆ ಒಂದು ಜೊತೆ ಚಪ್ಪಲಿ ಕೊಟ್ರೆ ಎಡದ್ದೊಂದು ಪಕ್ಷ, ಬಲದ್ದೊಂದು ಪಕ್ಷ ಮಾಡ್ಕೊಳ್ತಾರೆ," ಎಂದ ಚಿಕ್ಕಪ್ಪ, ಪಿಸುಮಾತು ಎಂದುಕೊಂಡು. ನಲವತ್ತಮೂರು ಜನರಿಗೂ ಕೇಳಿಸಿತು.

ಅಕ್ಕನ ಸರದಿ ಬಂದಾಗ ಅವಳು ಭಾಷಣ ಮಾಡಲಿಲ್ಲ. ಮೇಡಂ ವಾಪಸ್ ಕಳಿಸಿದ್ದ ಬೂಟುಗಳನ್ನು ಕ್ಯಾಮರಾದ ಮುಂದೆ ಹಿಡಿದಳು. "ಇದು ಎಡಗಾಲು ಗಿಡ್ಡ ಇರೋರಿಗೆ ಮಾಡಿದ್ದು. ಎತ್ತರ ಇರೋದು ಬಲಕ್ಕೆ. ಹಾಕ್ಕೊಂಡೋರು ಮೆಟ್ಟಿಲಿಂದ ಬಿದ್ದಿದಾರೆ. ಇನ್ನೂ ಹನ್ನೊಂದು ಜೋಡಿ ನನ್ನ ಶೆಲ್ಫಲ್ಲಿವೆ. ನನಗೆ ಬೇಕಾಗಿರೋದು ಎರಡರಲ್ಲಿ ಒಂದು. ಹೊಸಹೆಜ್ಜೆಯವರು ಆ ಸಾಲು ವಾಪಸ್ ಹಾಕ್ಲಿ, ಇಲ್ಲ ಹೆಜ್ಜೆಯವರು ನನ್ನ ಯಂತ್ರದ ಭಾಗ ಸೇರಿಸ್ಕೊಳ್ಳಲಿ. ಒಂದು ಸಂಜೆ ಕೆಲಸ. ಅಷ್ಟೇ."

ಪರದೆಯ ಮೇಲೆ ಹೃದಯದ ಚಿತ್ರಗಳು ಗುಳ್ಳೆಗಳಂತೆ ಮೇಲೆದ್ದವು. ತುಂಬ ಮನಕಲಕುವ ಮಾತು ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಆಮೇಲೆ ಇದನ್ನು ಪರಿಶೀಲಿಸಲು ಒಂದು ಉಪಸಮಿತಿ ಬೇಕೆಂದಳು.

ಪಾದದ ಆಸ್ಪತ್ರೆಯೊಂದರ ಒಡೆಯ ಗಂಟಲು ಸರಿಮಾಡಿಕೊಂಡ. ಅವನೂ ಬಳಸುವವನೇ. "ಒಂದು ಮಾತು ಹೇಳ್ಬೇಕು. ಇಲ್ಲಿರೋರೆಲ್ಲ ಬಿಡುವಿನಲ್ಲಿ ದುಡಿಯೋರು. ಪುಕ್ಕಟೆ ತಗೊಂಡು ಹೀಗೆ ಜಬರ್ದಸ್ತಿ ಮಾಡೋದು ಶೋಭೆಯಲ್ಲ."

"ನಾನು ತಗೊಂಡಿದ್ದು ಪುಕ್ಕಟೆ, ನಿಜ ಸ್ವಾಮಿ," ಎಂದಳು ಅಕ್ಕ. "ಇವರಿಬ್ಬರೂ ನನ್ನ ಹತ್ರ ಕಾಲಿನ ಕೆಲಸ ಕಲ್ತಿದ್ದೂ ಪುಕ್ಕಟೆ. ಮೇಡಂ ಸೊಂಟ ಮಾತ್ರ ಪುಕ್ಕಟೆ ಅಲ್ಲ."

ಕನ್ನಡಕದವನು ಬಾಯಿ ಬಿಟ್ಟ. ವರ್ಷಗಳಲ್ಲಿ ಅವನೂ ನುಣುಪಾಗಿದ್ದ. "ಅಕ್ಕಾ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಪೊರಕೆ ಹೇಳಿದ್ದರಲ್ಲಿ ಹುರುಳಿದೆ. ಹಳೇ ಫೈಲುಗಳು ತಪ್ಪಾಗಿದ್ರೆ ಅದರ ಹೊರೆ ಹೊಸ ಪ್ರೋಗ್ರಾಮು ಹೊರಬೇಕಾ ಅನ್ನೋದು ಒಂದು ಮೂಲಭೂತ ಪ್ರಶ್ನೆ."

"ಆಯ್ತಪ್ಪ. ಆ ಹನ್ನೊಂದರಲ್ಲಿ ನಿನ್ನ ಜೋಡಿಯೂ ಇದೆ. ನಾಳೆ ಕಳಿಸಲಾ?"

ನಲವತ್ತಮೂರು ಚೌಕಗಳಲ್ಲಿ ಒಂದು ಚೌಕ ಮಾತ್ರ ಕೆಂಪಾಯಿತು.

"ಬೇಡ ಅಕ್ಕಾ," ಎಂದ ಕನ್ನಡಕದವನು. "ಅದನ್ನ... ಸ್ವಲ್ಪ ನಿಲ್ಲಿಸಿ."

"ಯಾಕಪ್ಪಾ? ನಿಯಮದ ಪ್ರಕಾರ ಬೂಟು ಸರಿಯಾಗಿದೆ. ನಿನ್ನ ಕಾಲೇ ತಪ್ಪು."

ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕ. ಗಡ್ಡದವನು ಅವನಿಗಿಂತ ಗಟ್ಟಿಯಾಗಿ ನಕ್ಕ. ಆ ನಗು ಕೇಳಿ ಅಕ್ಕ ಅವನ ಚೌಕದ ಕಡೆ ತಿರುಗಿದಳು.

"ನಗಬೇಡ ನೀನು. ನನ್ನ ಅಂಗಡಿಯ ನೆಲದ ಮೇಲೆ ಕೂತು ನೀನೊಂದು ಮಾತು ಕೊಟ್ಟಿದ್ದೆ. ಎಡಬಲ ತಪ್ಪಿದ್ರೆ ಬಂದು ಸರಿಮಾಡಿಕೊಟ್ಟು ಏಳ್ತೀನಿ ಅಂತ. ತಪ್ಪಿದೆ. ಯಾವತ್ತು ಬರ್ತೀಯ?"

ಗಡ್ಡದವನು ಗಡ್ಡ ನೀವಿಕೊಂಡ. "ಅಕ್ಕಾ, ನಾನು ಮಾತು ಕೊಟ್ಟಿದ್ದು ಹೆಜ್ಜೆಯ ವಿಷಯಕ್ಕೆ. ಹೆಜ್ಜೆಯಲ್ಲಿ ನಿಮ್ಮ ಫೈಲು ಇವತ್ತೂ ಸರಿಯಾಗೇ ತೆರೆಯುತ್ತೆ. ತಪ್ಪಿರೋದು ಅವರದ್ದರಲ್ಲಿ. ಕಟ್ಟುನಿಟ್ಟಾಗಿ ನೋಡಿದ್ರೆ ನನ್ನ ಮಾತು ಮುರಿದೇ ಇಲ್ಲ."

"ನೀನೇನಂತೀಯಪ್ಪ?" ಎಂದು ಅಕ್ಕ ಕನ್ನಡಕದವನನ್ನು ಕೇಳಿದಳು.

"ಮಾತು ಕೊಟ್ಟವನು ಅವನು, ನಾನಲ್ಲವಲ್ಲ ಅಕ್ಕಾ."

ಎರಡು ವರ್ಷದಲ್ಲಿ ಇಬ್ಬರೂ ಒಪ್ಪಿದ ವಿಷಯ ಅದೊಂದೇ ಇರಬೇಕು. ಅಕ್ಕ ಬೂಟುಗಳನ್ನು ಕೆಳಗಿಟ್ಟು, ಮೂರು ನಿಮಿಷ ಮುಗಿದಿದೆ ಎಂದು ಯಾರೋ ನೆನಪಿಸುವ ಮೊದಲೇ ಪರದೆ ಆರಿಸಿದಳು.

"ಎಂಥಾ ಜನ!" ಎಂದ ಚಿಕ್ಕಪ್ಪ. "ನಾವೂ ಒಂದು ಕವಲು ಒಡೆಯೋಣ ಕಣಮ್ಮಾ. ಸದಸ್ಯರು ಇಬ್ಬರು. ನಾನು ಅಧ್ಯಕ್ಷ."

"ಅಧ್ಯಕ್ಷರೇ, ಅಟ್ಟದ ಮೇಲಿಂದ ಹಳೇ ಕಂಪ್ಯೂಟರ್ ಇಳಿಸಿ."

ಅಪ್ಪನ ಹಳೆಯ ಮೇಜಿನ ಮೇಲೆ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಕೂರಿಸಿದರು. ಧೂಳು ಒರೆಸಿದ ಹಳೆಯದರಲ್ಲಿ ಹೆಜ್ಜೆ, ಹೊಸದರಲ್ಲಿ ಹೊಸಹೆಜ್ಜೆ. ಎರಡರ ನಡುವೆ ಚರ್ಮ ಕೊಯ್ಯುವ ಹಲಗೆಯನ್ನು ಅಡ್ಡ ನಿಲ್ಲಿಸಿದ ಚಿಕ್ಕಪ್ಪ, ಮುಖ ಮುಖ ನೋಡಿ ಮತ್ತೆ ಜಗಳ ಹತ್ತಬಾರದು ಎಂದು. ಒಂದೊಂದೇ ಕಾಲನ್ನು ಎರಡರಲ್ಲೂ ತೆರೆಯುವುದು. ಅವನು ಹಳೆಯದರ ಮುಂದೆ ಕೂತು ಕೂಗುವುದು, ಅವಳು ಹೊಸದರಲ್ಲಿ ನೋಡುವುದು.

"ನೂರಾ ಏಳು. ಎಡಕ್ಕೆ ಮೂರು ಮಿಲಿಮೀಟರ್."

"ಇಲ್ಲೂ ಎಡ. ಸರಿ ಇದೆ."

"ನಲವತ್ತೊಂದು. ಬಲಕ್ಕೆ."

"ಇಲ್ಲಿ ಎಡ ಅಂತಿದೆ. ತೆಗೆದಿಡು."

ಹೊಸಹೆಜ್ಜೆಯಲ್ಲಿ ಫೈಲನ್ನು ತಿರುಗಿಸುವ ಗುಂಡಿ ಇರಲಿಲ್ಲ. ಹಿಂದೆ ಇತ್ತು, ಬಳಕೆಯಲ್ಲಿಲ್ಲ ಎಂದು ಪೊರಕೆ ಗುಡಿಸಿದ್ದ. ಹಾಗಾಗಿ ತಪ್ಪಿದವರ ಅಳತೆಗಳನ್ನೆಲ್ಲ ಅಕ್ಕ ಒಂದೊಂದೇ ಅಂಕಿಯಾಗಿ ಓದಿ, ಅದಲುಬದಲು ಮಾಡಿ, ಹೊಸ ಫೈಲಿನಲ್ಲಿ ಕೈಯಿಂದ ತುಂಬಿದಳು. ಒಂದು ಜೋಡಿಗೆ ಇನ್ನೂರ ಎಂಟು ಅಂಕಿ. ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಐದು ತಪ್ಪು ಎಂದು ಗೊತ್ತಾಗಿತ್ತು. ಆರು ಜೋಡಿ ಮರುದಿನವೇ ಹೊರಟವು. ಐದನ್ನೂ ಮೇಡಂ ಜೋಡಿಯನ್ನೂ ಮತ್ತೆ ಅಚ್ಚಿನಿಂದ ಮಾಡಬೇಕಾಯಿತು. ಮೊದಲು ಮೇಡಂದು. ಚಿಕ್ಕಪ್ಪ ಹನ್ನೆರಡು ದಿನ ಸೊಂಟ ಬಗ್ಗಿಸಿ ಹೊಲಿದ. ಹೊಲಿಯುವಾಗ ಪ್ರತಿ ಚೀಟಿಯ ಮೇಲೂ ಗಿರಾಕಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ತಾನೇ ಬರೆದುಕೊಂಡ. ಖಾಸಗಿತನ ಹಾಳಾಗಿ ಹೋಗಲಿ ಎಂದ.

ಉಳಿದದ್ದು ಆ ಹಳೆಯ ಅರವತ್ತೊಂದರಲ್ಲಿ ಬಾಕಿಯವು. ದಿನಕ್ಕೆರಡರಂತೆ ಅಂಗಡಿ ಬಾಗಿಲು ಹಾಕುವ ಮುಂಚೆ ಅವನ್ನೂ ತಿದ್ದಿದಳು.

ಮೇಡಂ ಮತ್ತೆ ಫೋನು ಮಾಡಿದಳು. "ಅಕ್ಕಾ, ನೆಲ ನೆಟ್ಟಗಾಯ್ತು," ಎಂದಳು. ಅಕ್ಕ ಆ ದಿನ ಹತ್ತು ನಿಮಿಷ ಕೆಲಸ ಬಿಟ್ಟು ಸುಮ್ಮನೆ ಬೀದಿ ನೋಡುತ್ತ ಕೂತಳು.

ಏಳು ವಾರದ ಮೇಲೆ ಹೊಸಹೆಜ್ಜೆಗೆ ಆ ಸಾಲು ಮರಳಿ ಬಂತು. ಕನ್ನಡಕದವನೇ ಬರೆದು ಹಾಕಲು ನೋಡಿದ್ದನಂತೆ. ಯಾವ ಬದಲಾವಣೆಗೂ ಇಬ್ಬರ ಒಪ್ಪಿಗೆ ಬೇಕು ಎಂದು, ಗಡ್ಡದವನ 'ಬೇಡ'ದ ನೋವಿನಲ್ಲಿ, ತಾನೇ ಮಾಡಿದ ನಿಯಮ ಅಡ್ಡ ಬಂತು. ಪೊರಕೆ ಒಪ್ಪಲು ಆರು ವಾರ ತೆಗೆದುಕೊಂಡ. ಸಾಲಿನ ಮೇಲೆ ಈಗ ಹನ್ನೊಂದು ಸಾಲಿನ ವಿವರಣೆ ಇತ್ತು. ಅದರಲ್ಲಿ ಅಕ್ಕ ಇರಲಿಲ್ಲ, 'ಬಾಹ್ಯ ಬಳಕೆದಾರರೊಬ್ಬರು' ಇದ್ದರು. ಹದಿನೈದು ವರ್ಷ ಒಳಗಿದ್ದವಳು ಹೊರಗಿನವಳಾಗಿದ್ದಳು. ಕೊನೆಯಲ್ಲಿ ಕೆಲಸದ ಶ್ರೇಯಸ್ಸು ನಾಲ್ವರಿಗೆ ಹಂಚಿಹೋಗಿತ್ತು.

ಗಡ್ಡದವನು ಸುಮ್ಮನಿರಲಿಲ್ಲ. 'ಬಳಕೆದಾರರಿಗೆ ಕೊಟ್ಟ ಮಾತು' ಎಂದು ಒಂದು ಉದ್ದನೆಯ ಲೇಖನ ಬರೆದ. ಅಂಗಡಿಯ ನೆಲ, ಚರ್ಮದ ಚೂರು, ಚಹಾ, ಎಲ್ಲ ಅದರಲ್ಲಿತ್ತು. ತತ್ವದ ಸೈಜಿನ ಮಾತೂ ಇತ್ತು, ಅವನೇ ಹೇಳಿದ ಹಾಗೆ. ಹದಿನೈದು ವರ್ಷ ಒಂದು ಸಾಲನ್ನು ಕಾಪಾಡಿಕೊಂಡು ಬಂದವನ ಕಥೆ ಓದಿ ಸಾವಿರಾರು ಜನ ಮೆಚ್ಚಿದರು. ಅಕ್ಕನಿಗೂ ಲಿಂಕು ಕಳಿಸಿದ. ಅವಳು ಅದನ್ನು ಚಿಕ್ಕಪ್ಪನಿಗೆ ಓದಿ ಹೇಳಿದಳು. ಅವನು ಪೂರ್ತಿ ಕೇಳಿ, ದಾರಕ್ಕೆ ಮೇಣ ತಿಕ್ಕುತ್ತ, "ಹೊಲಿಗೆ ಎಲ್ಲಿದೆ ಇದರಲ್ಲಿ? ಬರೀ ಪಾಲಿಶು," ಎಂದ.

ಗಡ್ಡದವನ ಕಚೇರಿಯಿಂದ ಅಂಗಡಿಗೆ ನಡೆದರೆ ಹದಿನೈದು ನಿಮಿಷ. ಅವನು ಬರಲಿಲ್ಲ. ಕೊಟ್ಟ ಮಾತು ಮುರಿಯಿತು.